ಮೂರಂಗುಲದ ಪಾಕೆಟ್ಟು

ನವಲಗುಂದ, ಕುಂದಗೋಳ, ಕಲಘಟಗಿಗಳ ಕಡೆಯ ಹಳ್ಳಿಗಳಲ್ಲಿ ಬಿಲಿಯರ್ಡ್ಸ್ ಮೇಜನ್ನು ಕಂಡವರು ವಿರಳ. ಕೇರಂ ಬೋರ್ಡನ್ನು ಕಾಣದವರು ಇನ್ನೂ ವಿರಳ. ಎರಡು ಆಟಗಳಲ್ಲೂ ತಕರಾರು ಹುಟ್ಟುವ ಜಾಗ ಮಾತ್ರ ಒಂದೇ: ಮೂಲೆಯ ತೂತು. ಅದು ದೊಡ್ಡದಾದರೆ ಎಳೆಯನೂ ಜಾಣ, ಚಿಕ್ಕದಾದರೆ ಜಾಣನೂ ಎಳೆಯ. ಹಾಗಾದರೆ ಅದರ ಅಳತೆಯನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಗೆ ಸ್ವಾರಸ್ಯವಾದ ಇತಿಹಾಸವಿದೆ.

ಇಂಗ್ಲೆಂಡಿನ ಬಿಲಿಯರ್ಡ್ಸ್‌ನಲ್ಲಿ ಕೆಂಪು ಚೆಂಡು ಪಾಕೆಟ್ಟಿಗೆ ಬಿದ್ದೊಡನೆ ಅದನ್ನು ಮೇಜಿನ ಮೇಲ್ತುದಿಯ ಚುಕ್ಕೆಯಲ್ಲಿ ಮತ್ತೆ ಇಡಬೇಕು. ನಿಪುಣನು ಅಲ್ಲಿಂದಲೇ ಅದನ್ನು ಮೂಲೆಗೆ ಬೀಳಿಸುತ್ತ, ಸಲಕ್ಕೆ 3 ಅಂಕದಂತೆ ಕೂಡಿಸುತ್ತ, ಎದುರಾಳಿಯನ್ನು ಕುರ್ಚಿ ಬಿಟ್ಟು ಏಳಗೊಡುತ್ತಿರಲಿಲ್ಲ. ಇದಕ್ಕೆ 'ಸ್ಪಾಟ್ ಸ್ಟ್ರೋಕ್' ಎಂದು ಹೆಸರು. ಇದನ್ನು ಕಟ್ಟಿಹಾಕಲೆಂದೇ 1870ರ ಚಾಂಪಿಯನ್‌ಶಿಪ್ ಮೇಜಿನ ಪಾಕೆಟ್ಟನ್ನು 3 ಅಂಗುಲಕ್ಕೆ ಇಳಿಸಿದರು. ಚೆಂಡೇ ಸುಮಾರು 2 ಅಂಗುಲ. ಉಳಿದ ಎಡೆ ಒಂದಂಗುಲದಷ್ಟು. ಆ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ನಡೆದ ಪಂದ್ಯವನ್ನು ಗೆದ್ದವನು ಯಾರು? ಆ ಹೊಡೆತಕ್ಕೇ ಹೆಸರಾಗಿದ್ದ ತರುಣ ವಿಲಿಯಂ ಕುಕ್! ಬಹುಕಾಲದ ಅಗ್ರಗಣ್ಯ ಜಾನ್ ರಾಬರ್ಟ್ಸ್ 1083ಕ್ಕೆ ನಿಂತಾಗ ಕುಕ್ 1200 ಮುಟ್ಟಿದ್ದ.

ಸಾಮಾನ್ಯ ಮೇಜುಗಳ ಪಾಕೆಟ್ಟು ಅಗಲವಾಗಿಯೇ ಉಳಿಯಿತು. ಅಂಥದರ ಮೇಲೆ 1890ರಲ್ಲಿ ಡಬ್ಲ್ಯು. ಜೆ. ಪೀಲ್ ಒಂದೇ ಸರದಿಯಲ್ಲಿ 3,304 ಅಂಕ ಗಳಿಸಿದ. ಕೊನೆಗೆ ಬಿಲಿಯರ್ಡ್ಸ್ ಅಸೋಸಿಯೇಷನ್ 1892ರಲ್ಲಿ ಪಾಕೆಟ್ಟಿಗೆ 3⅝ ಅಂಗುಲದ ಒಂದೇ ಅಳತೆಯನ್ನು ಗೊತ್ತುಮಾಡಿತು. 1898ರಲ್ಲಿ ಆ ಹೊಡೆತದ ಸಾಲಿಗೇ ನಿಯಮದಿಂದ ಮಿತಿ ಹಾಕಿತು. ತೂತನ್ನು ಕಿರಿದು ಮಾಡಿ ಸಾಧಿಸಲಾಗದ್ದನ್ನು ಒಂದು ನಿಯಮ ಸಾಧಿಸಿತು.

ಪಾಕೆಟ್ಟನ್ನು ಕಿರಿದು ಮಾಡುವುದೇನೂ ಕಷ್ಟವಲ್ಲ. ಇಂದಿನ ಪೂಲ್ ಮೇಜಿನ ಅಂಚಿನ ರಬ್ಬರ್ ದಿಂಬುಗಳ ತುದಿಗೆ ತೆಳುಪಟ್ಟಿ ಸೇರಿಸಿದರೆ ಅದರ ಬಾಯಿ ಸಣ್ಣದಾಗುತ್ತದೆ. ಕಷ್ಟವಿರುವುದು ಎಲ್ಲರೂ ಒಂದೇ ಅಳತೆಗೆ ಒಪ್ಪುವುದರಲ್ಲಿ.

ಅಳತೆಯ ಈ ತೊಡಕು ನಮ್ಮ ನೆಲಕ್ಕೂ ಹೊಸದಲ್ಲ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಇಷ್ಟು ಮತ್ತರು ಭೂಮಿಯೆಂದು ಹೇಳಿ ಸುಮ್ಮನಾಗುವುದಿಲ್ಲ. ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಎಷ್ಟೋ ಕಡೆ ಹೇಳಿರುತ್ತಾರೆ. ಊರಿಂದೂರಿಗೆ ಗಳೆ ಬೇರೆಯಾಗುತ್ತಿತ್ತು. ಹೊಲ ಎಷ್ಟೆಂಬುದು ಗಳೆ ಯಾವುದೆಂಬುದರ ಮೇಲೆ ನಿಂತಿತ್ತು. ಅಳತೆಗೋಲನ್ನು ಹೆಸರಿಸದ ದಾನ ಮೊಮ್ಮಕ್ಕಳಿಗೆ ವ್ಯಾಜ್ಯ ಬಿಟ್ಟಂತೆ.

ಕೇರಂ ಕೂಡ ತನ್ನ ಗಳೆಯನ್ನು ಕಂಡುಕೊಂಡಿದೆ. ಅಖಿಲ ಭಾರತ ಕೇರಂ ಫೆಡರೇಷನ್ 1956ರಲ್ಲಿ ಹುಟ್ಟಿತು. ನಿಯಮದ ಪ್ರಕಾರ ತೂತಿನ ವ್ಯಾಸ 4.45 ಸೆಂಟಿಮೀಟರ್, ಕಾಯಿಯದು ಹೆಚ್ಚೆಂದರೆ 3.18, ಸ್ಟ್ರೈಕರಿನದು 4.13. ಎಂದರೆ ಸ್ಟ್ರೈಕರಿಗೆ ಸಿಗುವ ಎಡೆ ಸುಮಾರು 3 ಮಿಲಿಮೀಟರ್ ಮಾತ್ರ. ಸ್ಟ್ರೈಕರು ತೂತಿಗೆ ಬೀಳದಂತೆ ಆಡುವುದು ಅರ್ಧ ಆಟ. ಆ ಮೂರು ಮಿಲಿಮೀಟರಿನಲ್ಲಿ ಅದೂ ಅಡಗಿದೆ.

ಊರ ಪಂದ್ಯದಲ್ಲಿ ಸೋತ ಹುಡುಗ 'ತೂತು ಸಣ್ಣದಿತ್ತು' ಎಂದರೆ ಹಿರಿಯರು ನಗುತ್ತಾರೆ. ನಗುವ ಮುನ್ನ ಒಂದು ಅಳತೆಪಟ್ಟಿಯನ್ನು ತರಿಸಿದರೆ ಚೆನ್ನ. ಹುಡುಗ ಸುಳ್ಳು ಹೇಳಿದ್ದರೆ ಅವನ ಬಾಯಿ ಮುಚ್ಚುತ್ತದೆ. ನಿಜ ಹೇಳಿದ್ದರೆ ಆಟವನ್ನು ಮತ್ತೆ ಆಡಿಸಬೇಕಾಗುತ್ತದೆ.