ವಾಲ್ದೆಸನ ನೇಪಲ್ಸ್: ನೆರೆಭಾಷೆಯಲ್ಲಿ ಬೋಧನೆ

ಸ್ಪ್ಯಾನಿಷ್ ಬಲ್ಲವನು ಇಟಾಲಿಯನ್ ಮಾತನ್ನು ಕಲಿಯದೆಯೇ ಬಹುಮಟ್ಟಿಗೆ ಗ್ರಹಿಸಬಲ್ಲನೆಂಬುದು ಸಾಮಾನ್ಯ ಅಭಿಪ್ರಾಯ. ಎರಡೂ ಲ್ಯಾಟಿನ್ ಮೂಲದವು. ದೇವರು ಒಂದರಲ್ಲಿ ‘ದಿಯೋಸ್’, ಇನ್ನೊಂದರಲ್ಲಿ ‘ದೀಯೊ’. ರೊಟ್ಟಿ ‘ಪಾನ್’ ಮತ್ತು ‘ಪಾನೆ’. ಆದರೆ ಈ ಸಾಮೀಪ್ಯವು ದೈವಶಾಸ್ತ್ರದ ಭಾರವನ್ನು ಹೊರಬಲ್ಲದೆ? ಹದಿನಾರನೆಯ ಶತಮಾನದ ನೇಪಲ್ಸ್ ನಗರದತ್ತ ನಾವು ನೋಡೋಣ.

ಆಗ ಸ್ಪೇನಿನ ಅಧೀನದಲ್ಲಿದ್ದ ಆ ನಗರದಲ್ಲಿ ಹ್ವಾನ್ ದೆ ವಾಲ್ದೆಸನು 1541ರಲ್ಲಿ ಮರಣಹೊಂದುವವರೆಗೆ ವಾಸಿಸಿದನು. ನಂಬಿಕೆಯ ಮೂಲಕ ನೀತೀಕರಣವೆಂಬ ವಿಚಾರವನ್ನು ಈ ಸ್ಪೇನಿನವನಿಂದ ಕೇಳಲು ನೆರೆದವರಲ್ಲಿ ಇಟಾಲಿಯನ್ನರೇ ಹೆಚ್ಚು: ಜೂಲಿಯಾ ಗೊಂಜಾಗ, ಪ್ರಸಂಗಿ ಓಕಿನೊ, ಪೀಟರ್ ಮಾರ್ಟರ್ ವೆರ್ಮಿಲಿ. ಅವನ ಮಾತು ಅವರಿಗೆ ತಿಳಿಯುತ್ತಿತ್ತು. ಆದರೂ 1535ರ ಸುಮಾರಿಗೆ ಅವನು ಭಾಷೆಯ ಕುರಿತು ಬರೆದ ಸಂವಾದದಲ್ಲಿ ಇಟಾಲಿಯನ್ ಗೆಳೆಯರು ಕಾಸ್ಟಿಲಿಯನ್ ಪದಗಳನ್ನು ಕುರಿತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಇಂಥ ಎಚ್ಚರ ಸಕಾರಣವೇ ಸರಿ. ಸ್ಪ್ಯಾನಿಷಿನ ‘ಸಲೀರ್’ ಎಂದರೆ ಹೊರಡುವುದು. ಇಟಾಲಿಯನ್ನಿನ ‘ಸಲೀರೆ’ ಎಂದರೆ ಏರುವುದು. ಸಂತೆಯಲ್ಲಾದರೆ ನಕ್ಕು ಸುಮ್ಮನಾಗಬಹುದು. ಆತ್ಮದ ಪಯಣವನ್ನು ಬೋಧಿಸುವಲ್ಲಿ ಹಾಗಲ್ಲ.

ಓಕಿನೊನ ಪ್ರಸಂಗದಿಂದ ಕಳವಳಗೊಂಡ ಜೂಲಿಯಾಳೊಡನೆ ನಡೆಸಿದ ಸಂಭಾಷಣೆಯ ರೂಪದಲ್ಲಿದೆ ವಾಲ್ದೆಸನ ‘ಕ್ರೈಸ್ತ ಅಕ್ಷರಮಾಲೆ’. ಬರೆದದ್ದು ಸ್ವಭಾಷೆಯಲ್ಲಿ, 1545ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದದ್ದು ಇಟಾಲಿಯನ್ ಅನುವಾದ. ಮೂಲವು ಕಳೆದುಹೋಗಿದೆ. ಆದುದರಿಂದ ಆ ಗ್ರಂಥದಲ್ಲಿ ಕೃಪೆಯನ್ನು ಕುರಿತ ಒಂದೊಂದು ಪದವನ್ನು ನಾವು ತೂಗುವಾಗಲೂ ಕೈಯಲ್ಲಿರುವುದು ಅನುವಾದಕ ಮಾರ್ಕಾಂತೋನಿಯೊ ಮಾನ್ಯೊನ ಪದ. ಹೇಗೂ ಅರ್ಥವಾಗುತ್ತದೆ, ಅನುವಾದವೇಕೆ ಎಂದು ಅವನು ಕೈಬಿಟ್ಟಿದ್ದರೆ ಅದೂ ನಮಗೆ ಉಳಿಯುತ್ತಿರಲಿಲ್ಲ.