ಮಾಡಿದವರ ಹೆಸರು



ನಮ್ಮ ಗಡಿನಾಡಿನಲ್ಲಿ ಕೈಕೆಲಸಕ್ಕೆ ಕೊರತೆಯಿಲ್ಲ. ಕಾಸರಗೋಡಿನ ಹತ್ತಿ ಸೀರೆ ಇದೆ. ಕೊರಗ ಬಂಧುಗಳು ಕಾಡುಬಳ್ಳಿ, ಬಿದಿರುಗಳಿಂದ ಹೆಣೆಯುವ ಬುಟ್ಟಿಗಳಿವೆ. ಯಕ್ಷಗಾನದ ಬೊಂಬೆ, ಕಿರೀಟ, ಭುಜಕೀರ್ತಿಗಳಿವೆ. ಆದರೆ ಇವುಗಳಲ್ಲಿ ಒಂದನ್ನು ಎತ್ತಿಕೊಂಡು, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರೆ ಊರಿನ ಹೆಸರೋ, ಜಾತಿಯ ಹೆಸರೋ, ಅಂಗಡಿಯ ಹೆಸರೋ ಸಿಗುತ್ತದೆ. ಮಾಡಿದ ವ್ಯಕ್ತಿಯ ಹೆಸರು ಸಿಗುವುದು ಅಪರೂಪ. ತೀರ್ಪುಗಾರರ ಮುಂದೆ ವಸ್ತುವನ್ನಿಟ್ಟು ಬಹುಮಾನ ಪಡೆಯುವ ಪ್ರದರ್ಶನಗಳ ಚರಿತ್ರೆಯೆಂದರೆ ಈ ಹೆಸರಿನ ಚರಿತ್ರೆಯೇ ಎಂದು ನನಗೆ ತೋರುತ್ತದೆ.

ಇಂಥ ಪ್ರದರ್ಶನಗಳಲ್ಲಿ ಜಗತ್ಪ್ರಸಿದ್ಧವಾದದ್ದು 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಗಾಜಿನ ಅರಮನೆಯೊಳಗೆ ನಡೆದ ಮಹಾ ಪ್ರದರ್ಶನ. ವಸ್ತುಗಳನ್ನು 30 ವರ್ಗಗಳಾಗಿ ವಿಂಗಡಿಸಿ, ತೀರ್ಪುಗಾರರನ್ನು ನೇಮಿಸಿ, ಪದಕಗಳನ್ನು ಕೊಟ್ಟರು. ಭಾರತದ ವಸ್ತುಗಳನ್ನು ಸಂಗ್ರಹಿಸಿ ಕಳುಹಿಸಿದ್ದು ಈಸ್ಟ್ ಇಂಡಿಯಾ ಕಂಪೆನಿ. ತಿರುವಾಂಕೂರಿನ ಮಹಾರಾಜರು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳುಹಿಸಿದ ದಂತದ ಸಿಂಹಾಸನವೂ ಅಲ್ಲಿತ್ತು. ಮುಕ್ತಾಯ ಸಮಾರಂಭದಲ್ಲಿ ರಾಣಿಯ ಪತಿ ಆಲ್ಬರ್ಟ್ ಅದರ ಮೇಲೆಯೇ ಕುಳಿತಿದ್ದರು. ಕಳುಹಿಸಿದ ಮಹಾರಾಜರ ಹೆಸರು ಉಳಿಯಿತು, ಕುಳಿತವರ ಹೆಸರೂ ಉಳಿಯಿತು. ಉಳಿ ಹಿಡಿದವರನ್ನು ನೆನೆಯುವವರು ಯಾರು?

ನಾಲ್ಕು ವರ್ಷಗಳ ಬಳಿಕ, 1855ರಲ್ಲಿ, ಮದ್ರಾಸಿನಲ್ಲಿ ಅದೇ ಮಾದರಿಯ ಪ್ರದರ್ಶನವೊಂದು ನಡೆಯಿತು. ಅಲ್ಲಿಯೂ 30 ವರ್ಗ, ಅಲ್ಲಿಯೂ ತೀರ್ಪುಗಾರರ ವರದಿ. ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಯೊಳಗಿತ್ತು. ಒಂದೊಂದು ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂಬ ಲೆಕ್ಕ ಸರಕಾರಕ್ಕೆ ಬೇಕಾಗಿತ್ತು. ಕಚ್ಚಾ ಸರಕಿನ ಪಕ್ಕದಲ್ಲಿ ಕುಶಲ ಕೆಲಸವೂ ಒಂದು ಸರಕಾಗಿ ಕುಳಿತಿತ್ತು. ಸರಕಿಗೆ ಊರಿದ್ದರೆ ಸಾಕು, ಕರ್ತೃ ಬೇಕಿಲ್ಲವಷ್ಟೆ!

ಈ ನೋಟವನ್ನು ಬದಲಿಸಲು ದುಡಿದವರಲ್ಲಿ ಮುಖ್ಯರು ನಮ್ಮ ನೆರೆಯ ಮಂಗಳೂರಿನಲ್ಲಿಯೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅವರೇ ಅದರ ಅಧ್ಯಕ್ಷೆ. ಹಳ್ಳಿಹಳ್ಳಿ ತಿರುಗಿ ಕುಶಲಕರ್ಮಿಗಳನ್ನು ಹುಡುಕಿದರು. 1965ರಲ್ಲಿ ಕುಶಲಕರ್ಮಿಗಳಿಗಾಗಿ ರಾಷ್ಟ್ರಪ್ರಶಸ್ತಿ ಆರಂಭವಾಯಿತು. ಪ್ರಶಸ್ತಿ ವ್ಯಾಪಾರಿಗಲ್ಲ, ಸಂಸ್ಥಾನಕ್ಕಲ್ಲ, ಮಾಡಿದ ಕೈಗೆ. ಕಮಲಾದೇವಿಯವರು 1988ರಲ್ಲಿ ತೀರಿಕೊಂಡರು. 2002ರಲ್ಲಿ ಹಿರಿಯ ಕುಶಲಕರ್ಮಿಗಳಿಗಾಗಿ ಶಿಲ್ಪಗುರು ಪ್ರಶಸ್ತಿಯೂ ಬಂತು.

ಇದರ ನಡುವೆ ಮೇಳಗಳೂ ಬೆಳೆದವು. ದಿಲ್ಲಿಯ ಬಳಿಯ ಸೂರಜ್‌ಕುಂಡ ಮೇಳ 1987ರಲ್ಲಿ ಆರಂಭವಾಯಿತು. 1994ರಲ್ಲಿ ತೆರೆದ ದಿಲ್ಲಿ ಹಾತ್‌ನಲ್ಲಿ ಕುಶಲಕರ್ಮಿಗಳಿಗೆ ಸರದಿಯಂತೆ ಹದಿನೈದು ದಿನ ಮಳಿಗೆ ಕೊಡುವ ಪದ್ಧತಿ ಬಂತು. ದಲ್ಲಾಳಿಯಿಲ್ಲದೆ ಗಿರಾಕಿಯ ಮುಖ ನೋಡಿ ಮಾರುವ ಅವಕಾಶವದು. ಆದರೆ ಇವೆಲ್ಲದರ ಬಾಗಿಲಲ್ಲಿ ಒಂದೇ ಕಾವಲುಗಾರ: ಅರ್ಜಿ.

ಬ್ಯಾಂಕಿನ ಕೌಂಟರಿನ ಹಿಂದೆ ಬದುಕು ಕಳೆದ ನನಗೆ ಅರ್ಜಿಯ ಸ್ವಭಾವ ಗೊತ್ತು. ಅದಕ್ಕೆ ಕಣ್ಣಿಲ್ಲ, ಕಾಲಂಗಳಿವೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ ಆಡಿದವರ ಮುಂದೆ ಇಂಗ್ಲಿಷಿನದೋ ಹಿಂದಿಯದೋ ಅರ್ಜಿ ಬರುತ್ತದೆ. ತುಳುವಿನಲ್ಲಿ ಕುಡುಪು ಬೇರೆ, ತಡ್ಪೆ ಬೇರೆ. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ಹೆಣಿಗೆ. ಅರ್ಜಿಗಿಳಿದಾಗ ಎಲ್ಲವೂ 'ಬ್ಯಾಸ್ಕೆಟ್' ಆಗುತ್ತದೆ. ದೂರದಲ್ಲಿ ಕುಳಿತ ತೀರ್ಪುಗಾರರು ಹತ್ತು 'ಬ್ಯಾಸ್ಕೆಟ್'ಗಳ ನಡುವೆ ನಮ್ಮದನ್ನು ಬೇರ್ಪಡಿಸುವುದು ಹೇಗೆ?

ಸೀರೆಯ ಕಥೆ ಇನ್ನೊಂದು ಬಗೆಯದು. 1938ರಲ್ಲಿ ಸ್ಥಾಪನೆಯಾದ ಕಾಸರಗೋಡಿನ ನೇಕಾರರ ಸಹಕಾರಿ ಸಂಘ ಆ ನೇಯ್ಗೆಯನ್ನು ಉಳಿಸಿಕೊಂಡು ಬಂತು. 1999ರ ಕಾಯಿದೆಯ ಬಳಿಕ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಬೇರೆ ಊರಿನ ಬಟ್ಟೆಗೆ ಈ ಹೆಸರು ಅಂಟಿಸಿ ಮಾರುವಂತಿಲ್ಲ. ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ಅದು ಕಾಪಾಡುವುದು ಊರಿನ ಹೆಸರನ್ನು. ಮಗ್ಗದಲ್ಲಿ ಕುಳಿತವರ ಹೆಸರಿಗೆ ಪ್ರಶಸ್ತಿಯ ದಾರಿಯೇ ಆಗಬೇಕು. ಅಲ್ಲಿಯೂ ಒಂದು ಕವಲಿದೆ. ಕೈಮಗ್ಗಕ್ಕೆ ಬೇರೆ ಇಲಾಖೆ, ಕರಕುಶಲಕ್ಕೆ ಬೇರೆ ಇಲಾಖೆ. ಸೀರೆಯವರು ಕಣ್ಣೂರಿನ ನೇಕಾರರ ಸೇವಾ ಕೇಂದ್ರದಲ್ಲಿ ವಿಚಾರಿಸಬೇಕು. ಬುಟ್ಟಿಯವರು, ಬೊಂಬೆಯವರು ಕರಕುಶಲ ಇಲಾಖೆಯ ಗುರುತುಚೀಟಿಯಿಂದ ಆರಂಭಿಸಬೇಕು.

ಹಾಗಾದರೆ ನಾವೇನು ಮಾಡಬಹುದು? ಓದುಬರಹ ಬಲ್ಲ ಮಕ್ಕಳು ಮನೆಮನೆಯಲ್ಲಿದ್ದಾರೆ. ಅಜ್ಜಿ ಹೆಣೆದ ಒಳ್ಳೆಯ ವಸ್ತುವನ್ನು ಮಾರುವ ಮೊದಲು ಒಂದು ಫೋಟೋ ತೆಗೆದಿಡಲಿ. ಒಂದು ನೋಟುಪುಸ್ತಕದಲ್ಲಿ ಐದು ಸಾಲು ಬರೆದಿಡಲಿ: ವಸ್ತುವಿನ ಹೆಸರು ನಮ್ಮ ಮಾತಿನಲ್ಲಿ ಏನು, ಯಾವ ಬಳ್ಳಿ ಅಥವಾ ನೂಲು, ಎಷ್ಟು ದಿನದ ಕೆಲಸ, ಯಾರಿಂದ ಕಲಿತದ್ದು, ಮಾಡಿದವರ ಪೂರ್ಣ ಹೆಸರು. ಅರ್ಜಿ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಇಂಗ್ಲಿಷಿನಲ್ಲಿ 'ಬ್ಯಾಸ್ಕೆಟ್' ಎಂದು ಬರೆಯಬೇಕಾದರೆ ಬರೆಯೋಣ, ಅದರ ಮುಂದೆ 'ಕುಡುಪು' ಎಂದೂ ಬರೆದು, ಅದು ಏನಕ್ಕೆ ಎಂದು ಒಂದು ಮಾತು ಸೇರಿಸೋಣ.

ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ. ನೂರು ಜನ ಅರ್ಜಿ ಹಾಕಿದರೆ ಕೆಲವರಿಗಷ್ಟೇ ತಾಮ್ರಪತ್ರ. ಬಾರದಿದ್ದರೂ ಆ ನೋಟುಪುಸ್ತಕ ನಷ್ಟವಾಗುವುದಿಲ್ಲ. ಇವತ್ತು ಕೊರಗರ ಹಾಡಿಯಲ್ಲಿ, ನೇಕಾರರ ಕೇರಿಯಲ್ಲಿ ಕಿರಿಯರು ಕೂಲಿಯ ಲೆಕ್ಕ ನೋಡಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಅವರನ್ನು ದೂರುವಂತಿಲ್ಲ. ಹಿರಿಯರ ಕೈ ನಿಂತ ದಿನ ಆ ಕೆಲಸದ ಹೆಸರು, ಬಗೆ, ಕಲಿಸಿದವರ ನೆನಪು ಮೂರೂ ಒಟ್ಟಿಗೆ ಹೋಗುತ್ತವೆ. ಅದಕ್ಕೆ ಮೊದಲು ಬರೆದಿಡುವ ಕೆಲಸಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.