ಉಸಿರನ್ನೆಣಿಸಿದ ದಾದಿ

1967ರ ಚಳಿಗಾಲ. ನನ್ನ ತಮ್ಮನಿಗೆ ಆಗ ಒಂದೂವರೆ ವರ್ಷ. ಕಮಲಾಪುರದ ಮನೆಯಲ್ಲಿ ಎರಡು ದಿನ ಕೆಮ್ಮಿದವನು ಮೂರನೆಯ ದಿನ ಹಾಲು ಕುಡಿಯುವುದನ್ನೇ ಬಿಟ್ಟ. ಅಜ್ಜಿ ಅಂಗಿ ಎತ್ತಿ ನೋಡಿ, "ಪಕ್ಕಿ ಸೆಳೀಲಕತ್ತಾವ" ಎಂದವಳೇ ಬಳೆಯ ಚೂರು ಕಾಯಿಸಿ ಹೊಟ್ಟೆಯ ಮೇಲೆ ಬರೆ ಇಟ್ಟಳು. (ನೆಗಡಿಯಾದರೆ ನಮ್ಮೂರಿನ ಹೆಸರಾಂತ ಕೆಂಪು ಬಾಳೆಹಣ್ಣನ್ನೂ ಮುಟ್ಟಗೊಡದವಳು ಆಕೆ!) ಉಸಿರಾಟ ಇನ್ನಷ್ಟು ಬಿರುಸಾಯಿತು. ಅಪ್ಪ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗುಲಬರ್ಗಾದ ಬಸ್ಸು ಹತ್ತಿದರು. ಕಲಬುರಗಿಗೆ ಆಗ ಅದೇ ಹೆಸರು.

ಆಸ್ಪತ್ರೆಯಲ್ಲಿ ಹಿರಿಯ ದಾದಿಯೊಬ್ಬರು ಮಗುವಿನ ಹೊಟ್ಟೆಯನ್ನೇ ನೋಡುತ್ತ ಸುಮ್ಮನೆ ನಿಂತಿದ್ದರಂತೆ. ಅಪ್ಪನಿಗೆ ಸಿಟ್ಟು ಬಂತು. ಆಕೆ ಎದೆಗೆ ಸಿಕ್ಕಿಸಿಕೊಂಡ ಗಡಿಯಾರದಿಂದ ಕಣ್ಣು ತೆಗೆಯದೆ, "ತಡೀರಿ, ಉಸರು ಎಣಸ್ಲಕತ್ತೀನಿ" ಎಂದರಂತೆ. ಬಳಿಕ ಪೆನಿಸಿಲಿನ್ ಚುಚ್ಚುಮದ್ದು, ಆಮ್ಲಜನಕ. ರಾತ್ರಿಯಿಡೀ ತಲೆಯ ಭಾಗ ಎತ್ತರಿಸಿ ಮಲಗಿಸುವುದು, ಮೂಗು ಒರೆಸುವುದು, ಉಸಿರು ತುಸು ಇಳಿದಾಗ ಚಮಚದಿಂದ ಗುಟುಕು ಗುಟುಕಾಗಿ ಹಾಲು ಕುಡಿಸುವುದು. ಪೆನಿಸಿಲಿನ್ ಬರುವ ಮುಂಚಿನ ಕಾಲದಲ್ಲಾದರೆ ಈ ಶುಶ್ರೂಷೆಯೇ ಬಹುಪಾಲು ಚಿಕಿತ್ಸೆಯಾಗಿತ್ತು.

ಆ ಎಣಿಕೆಯ ಮಹತ್ವವನ್ನು ನಾನರಿತದ್ದು ಬಹಳ ತಡವಾಗಿ. ಪಪುವಾ ನ್ಯೂಗಿನಿಯಲ್ಲಿದ್ದ ವೈದ್ಯ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನವು, ಸ್ಟೆತೊಸ್ಕೋಪು ಎಕ್ಸ್‌ರೇಗಳಿಲ್ಲದೆಯೂ ಉಸಿರಿನ ವೇಗದಿಂದ ನ್ಯುಮೋನಿಯಾವನ್ನು ಗುರುತಿಸಬಹುದೆಂದು ತೋರಿಸಿತು. ಇಂದು ಬಳಕೆಯಲ್ಲಿರುವ ಲೆಕ್ಕ ಇಷ್ಟೇ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40, ಇದನ್ನು ಮುಟ್ಟಿದರೆ ಅಪಾಯ. ಮಗು ಅಳುತ್ತಿರಬಾರದು, ಪೂರ್ತಿ ಒಂದು ನಿಮಿಷ ಎಣಿಸಬೇಕು.

ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿಗಳು ಇದನ್ನು ಅಕ್ಷರವರಿಯದ ಸೂಲಗಿತ್ತಿಯರಿಗೂ ಕಲಿಸಿದರು. ಅದಕ್ಕಾಗಿ ಮರಳುಗಡಿಯಾರ ಮತ್ತು ಮಣಿಗಳುಳ್ಳ ಪುಟ್ಟ ಸಾಧನವೊಂದನ್ನೇ ರೂಪಿಸಿದರು: ಹತ್ತು ಉಸಿರಿಗೊಂದು ಮಣಿ, ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ನ್ಯುಮೋನಿಯಾ. 1990ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಹಳ್ಳಿಯಲ್ಲೇ ಔಷಧ ಕೊಟ್ಟ ಊರುಗಳಲ್ಲಿ ಈ ರೋಗದಿಂದ ಸಾಯುವ ಮಕ್ಕಳ ಪ್ರಮಾಣ ಉಳಿದ ಊರುಗಳ ಅರ್ಧಕ್ಕಿಂತಲೂ ಕಡಿಮೆಯಿತ್ತು. ಇಷ್ಟು ದೊಡ್ಡ ಕೆಲಸವನ್ನು ನಾವು ಪಾಠಪುಸ್ತಕದಲ್ಲಿ ಎಂದೂ ಕಲಿಸಲಿಲ್ಲವೆಂಬ ಖೇದ ನನಗಿದೆ.

ಪಕ್ಕೆ ಸೆಳೆತವೂ ವಿಶ್ವ ಆರೋಗ್ಯ ಸಂಸ್ಥೆಯ ಲಕ್ಷಣಪಟ್ಟಿಯಲ್ಲಿದೆ. ಅಂದರೆ ಅಜ್ಜಿಯ ಕಣ್ಣು ತಪ್ಪಿರಲಿಲ್ಲ, ಕೈ ತಪ್ಪಿತ್ತು. ಆಕೆಯನ್ನು ಹಳಿಯಲು ನನಗೆ ಮನಸ್ಸಾಗದು. ಬರೆಯ ಬದಲು ಮಾಡಬೇಕಾದುದನ್ನು ಹೇಳಿಕೊಡುವವರು ಆಗ ನಮ್ಮೂರಲ್ಲಿ ಯಾರಿದ್ದರು?

ಈಗ ತಡೆಯುವ ಲಸಿಕೆಗಳೂ ಬಂದಿವೆ. ನ್ಯುಮೊಕಾಕಲ್ ಲಸಿಕೆ ಸಾರ್ವತ್ರಿಕ ಕಾರ್ಯಕ್ರಮದಡಿ ದೇಶಕ್ಕೆಲ್ಲ ವಿಸ್ತರಿಸಿದ್ದು 2021ರಲ್ಲಿ. ಅದರ ಹಿಂದಿನ ವರ್ಷ, 2020ರ ಮಾರ್ಚಿನಲ್ಲಿ, ದೇಶದ ಮೊದಲ ಕೋವಿಡ್ ಸಾವನ್ನು ಕಂಡ ಕಲಬುರಗಿಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮಾತಾಗಿಹೋಯಿತು.

ತಮ್ಮನಿಗೀಗ ಅರವತ್ತರ ಹತ್ತಿರ. ಬರೆಯ ಕಲೆ ಮಾಸಿದರೂ ಹೋಗಿಲ್ಲ. ಕಳೆದ ಮಾಗಿಯಲ್ಲಿ ಎರಡು ವರ್ಷದ ಮೊಮ್ಮಗಳು ಕೆಮ್ಮತೊಡಗಿದಾಗ, ಅವಳು ನಿದ್ದೆಹೋಗುವವರೆಗೆ ಕಾದು, ಅಂಗಿ ಸರಿಸಿ, ಕೈಗಡಿಯಾರ ನೋಡುತ್ತ ಎಣಿಸಿದ. ಮೂವತ್ತೆರಡು ಬಂತು.